ಸೊನ್ನೆ ಬೇರೆ, ಖಾಲಿ ಬೇರೆ

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಅಂಕಿ-ಅಂಶಗಳ ಪಾಠ ಸಾಮಾನ್ಯವಾಗಿ ಸಿದ್ಧ ಕೋಷ್ಟಕದಿಂದಲೇ ಶುರುವಾಗುತ್ತದೆ. ಇಷ್ಟು ಮಕ್ಕಳಿಗೆ ಮಾವು ಇಷ್ಟ, ಇಷ್ಟು ಮಕ್ಕಳಿಗೆ ಬಾಳೆ. ಎಲ್ಲೋ ಯಾರೋ ಎಣಿಸಿಟ್ಟ ಸಂಖ್ಯೆಗಳು. ಮಕ್ಕಳು ತಾಳೆ ಗುರುತು ಹಾಕುತ್ತಾರೆ, ಚೌಕುಳಿ ಹಾಳೆಯ ಮೇಲೆ ಕಂಬ ಎಳೆಯುತ್ತಾರೆ, ಬಣ್ಣ ತುಂಬುತ್ತಾರೆ. ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಪಾಠ ಮುಗಿಯಿತು ಅನ್ನಿಸುತ್ತದೆ. ಕಣಗಿನಹಾಳದ ಮಕ್ಕಳೊಂದಿಗೆ ಈ ಪಾಠ ಮಾಡುತ್ತ ಹೋದಂತೆ ನನಗೆ ಖಚಿತವಾದದ್ದು ಬೇರೆ. ಕಂಬ ಎಳೆಯುವುದು ಈ ವಿದ್ಯೆಯ ಅತಿ ಹಗುರವಾದ ಭಾಗ. ಏನನ್ನು ಎಣಿಸಬೇಕು, ಹೇಗೆ ಬರೆದಿಡಬೇಕು, ಬರೆದಿಟ್ಟದ್ದು ಯಾವ ಮಾತನ್ನು ಹೇಳಲಾರದು ಎಂಬ ಜಗಳದಲ್ಲೇ ನಿಜವಾದ ಪಾಠ ಇದೆ.

ಈ ಊರಿಗೆ ಲೆಕ್ಕದ ಪುಸ್ತಕ ಹೊಸದಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಇಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಎಂಬ ಹೆಮ್ಮೆ ಊರಿಗಿದೆ. ಇದನ್ನು ಮಕ್ಕಳಿಗೆ ಹೇಳುವಾಗ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಸಾಹುಕಾರನ ವಹಿಯನ್ನು ಸಾಹುಕಾರ ಮಾತ್ರ ಓದುತ್ತಿದ್ದ. ಸಂಘದ ಲೆಕ್ಕ ಸದಸ್ಯರೆಲ್ಲರದು, ಅದನ್ನು ಸಭೆಯಲ್ಲಿ ಓದಿ ಹೇಳಲೇಬೇಕು. ಹಾಗೆಯೇ ನಮ್ಮ ತರಗತಿಯ ಲೆಕ್ಕವೂ ಗೋಡೆಯ ಮೇಲೆ, ಎಲ್ಲರ ಕೈಗೆಟಕುವ ಎತ್ತರದಲ್ಲಿ ಇರಬೇಕು ಎಂದು ಮಕ್ಕಳೇ ನಿಯಮ ಮಾಡಿದರು. ತಪ್ಪು ಕಂಡವರು ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು.

ಎಣಿಸಲು ಆರಿಸಿಕೊಂಡದ್ದು ಮಳೆ. ಎರೆ ಭೂಮಿಯ ಈ ಸೀಮೆಯಲ್ಲಿ ಜೂನ್ ತಿಂಗಳಲ್ಲಿ ಮನೆಮನೆಯ ಮಾತು ಅದೊಂದೇ. ಹೆಸರು ಬಿತ್ತುವ ಹದ ಆಯಿತೋ ಇಲ್ಲವೋ ಎಂಬುದು ಮಕ್ಕಳ ಕಿವಿಗೂ ಬಿದ್ದಿರುತ್ತದೆ. ನೆಟ್ಟಗಿನ ಗೋಡೆ, ಸಮತಟ್ಟಾದ ತಳ ಇರುವ ಡಬ್ಬಿಯೊಂದನ್ನು ಮರದ ನೆರಳು, ಮಾಳಿಗೆಯ ಹನಿ ಬೀಳದ ಬಯಲಲ್ಲಿ ಇಟ್ಟೆವು. ಒಳಗೆ ನಿಂತ ನೀರಿನ ಎತ್ತರವನ್ನು ಪಟ್ಟಿಯಿಂದ ಅಳೆದರೆ ಅದೇ ಮಿಲಿಮೀಟರ್ ಮಳೆ. ದೊಡ್ಡ ಡಬ್ಬಿ ಇಟ್ಟರೆ ಹೆಚ್ಚು ಮಳೆ ತೋರಿಸುತ್ತದೆ ಎಂದು ಅರ್ಧ ತರಗತಿ ವಾದಿಸಿತು. ಉತ್ತರ ಹೇಳುವ ಬದಲು ಸಣ್ಣದು, ದೊಡ್ಡದು ಎರಡನ್ನೂ ಪಕ್ಕಪಕ್ಕದಲ್ಲಿ ಇಡಿಸಿದೆ. ಒಂದು ಒಳ್ಳೆಯ ಮಳೆಯ ಮರುದಿನ ಎರಡರಲ್ಲೂ ನೀರು ಒಂದೇ ಎತ್ತರಕ್ಕೆ ನಿಂತದ್ದನ್ನು ಕಂಡು ಅವರು ಪಟ್ಟ ಆಶ್ಚರ್ಯವನ್ನು ಯಾವ ವಿವರಣೆಯೂ ತಂದುಕೊಡುತ್ತಿರಲಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಎಕರೆಗೆ ಲೆಕ್ಕ ಹಾಕಿದರೆ 4,000 ಲೀಟರಿಗೂ ಮಿಕ್ಕಿ. ಆ ಸಂಖ್ಯೆಯನ್ನು ಮಕ್ಕಳು ಮನೆಗೆ ಹೊತ್ತೊಯ್ದರು.

ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಣಿಸುತ್ತದೆ. ನಾವು ಪ್ರಾರ್ಥನೆಯ ಹೊತ್ತನ್ನು ಗೊತ್ತು ಮಾಡಿಕೊಂಡೆವು. ಹೊತ್ತು ಯಾವುದಾದರೂ ಆಗಲಿ, ದಿನಾ ಅದೇ ಆಗಿರಬೇಕು.

ಗೋಡೆಯ ಹಾಳೆಯಲ್ಲಿ ಸಾಲುಗಳು ತುಂಬುತ್ತಿದ್ದಂತೆ, ರವಿವಾರದ ಮನೆಗಳಲ್ಲೆಲ್ಲ ಸೊನ್ನೆ ಕಂಡಿತು. ಬರೆಯುವ ಪಾಳಿಯ ಹುಡುಗಿಯನ್ನು ಕೇಳಿದೆ.

"ರವಿವಾರ ಮಳಿ ಬಂದಿಲ್ಲೇನವಾ?"

"ಸಾಲಿ ಸೂಟಿ ಇತ್ತಲ್ರೀ ಸರ್ರ. ನೋಡಾಕ ಯಾರೂ ಬಂದಿಲ್ರೀ. ಅದಕ್ಕ ಸೊನ್ನಿ ಹಾಕೀನ್ರೀ."

ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದು ನಿಂತ. "ನಮ್ಮ ಓಣ್ಯಾಗ ರವಿವಾರ ನೀರು ಹರದಾವ್ರೀ. ಸೊನ್ನಿ ಹೆಂಗಾಕ್ಕೈತ್ರೀ?"

ಅಂದಿನ ಅವಧಿ ಪೂರ್ತಿ ಇದಕ್ಕೇ ಹೋಯಿತು, ಹೋಗಲೇಬೇಕಿತ್ತು. ಮಳೆ ಬರಲಿಲ್ಲ ಎಂಬುದು ಒಂದು ಮಾಹಿತಿ. ನಾವು ನೋಡಲಿಲ್ಲ ಎಂಬುದು ಇನ್ನೊಂದು ಮಾಹಿತಿ. ಎರಡಕ್ಕೂ ಒಂದೇ ಗುರುತು ಹಾಕಿದರೆ ಹಾಳೆ ಸುಳ್ಳು ಹೇಳತೊಡಗುತ್ತದೆ, ಹೇಳುತ್ತಿದೆ ಎಂಬುದು ಕಾಣುವುದೂ ಇಲ್ಲ. ಸೋಮವಾರ ಡಬ್ಬಿಯಲ್ಲಿದ್ದ ನೀರು ಎರಡು ದಿನದ್ದು, ಅದನ್ನು ಸೋಮವಾರಕ್ಕೇ ಬರೆದರೆ ಆ ಕಂಬ ಸುಳ್ಳು ಎತ್ತರಕ್ಕೆ ಏಳುತ್ತದೆ ಎಂಬುದನ್ನೂ ಅವರೇ ಕಂಡುಕೊಂಡರು. ನೋಡದ ದಿನಕ್ಕೆ ಅಡ್ಡಗೆರೆ ಎಂದು ತೀರ್ಮಾನವಾಯಿತು. ಶಾಲೆಯ ಪಕ್ಕದ ಮನೆಯ ಹುಡುಗ ಸೂಟಿಯ ದಿನ ಅಳೆಯುವ ಹೊಣೆ ಹೊತ್ತ. ದೊಡ್ಡ ದೊಡ್ಡ ಕಚೇರಿಗಳ ಪಟ್ಟಿಗಳಲ್ಲೂ ಸೊನ್ನೆ ಕಂಡಾಗ ಇದು ಇಲ್ಲದ ಸೊನ್ನೆಯೋ ನೋಡದ ಸೊನ್ನೆಯೋ ಎಂದು ಕೇಳುವ ಅಭ್ಯಾಸ ಹತ್ತು ವರ್ಷದ ಮಗುವಿಗೆ ಬಂದರೆ, ಆ ವರ್ಷದ ಗಣಿತ ಸಾರ್ಥಕ ಎಂದೇ ನನ್ನ ಭಾವನೆ.

ಕಂಬನಕ್ಷೆಯನ್ನು ಮೊದಲು ಹಾಳೆಯ ಮೇಲೆ ಬರೆಸದೆ ಖಾಲಿ ಕಡ್ಡಿಪೆಟ್ಟಿಗೆಗಳನ್ನು ಪೇರಿಸಿ ಮಾಡಿಸಿದೆ. ಒಂದು ಪೆಟ್ಟಿಗೆಗೆ ಒಂದು ಮಿಲಿಮೀಟರ್. ಜೋರು ಮಳೆಯ ದಿನ ಬಂದಾಗ ಪೆಟ್ಟಿಗೆಗಳೂ ಸಾಲಲಿಲ್ಲ, ಪೇರಿಸಿದ್ದೂ ನಿಲ್ಲಲಿಲ್ಲ. "ಒಂದ ಪೆಟ್ಟಿಗಿಗೆ ಐದು ಅಂತ ಹಿಡಿಯೂಣ್ರೀ" ಎಂದರು. ಪ್ರಮಾಣ ಎಂಬ ಮಾತನ್ನು ನಾನು ಆಮೇಲೆ ಬರೆದೆ. ಅದರ ಅಗತ್ಯ ಅವರಿಗೆ ಮೊದಲೇ ಬಂದಿತ್ತು. ಏಳು ಮಿಲಿಮೀಟರಿಗೆ ಎಷ್ಟು ಪೆಟ್ಟಿಗೆ ಎಂಬ ಪ್ರಶ್ನೆ ಎದ್ದಾಗ ಚೌಕುಳಿ ಹಾಳೆಗೆ ಹೊರಳಿದೆವು. ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರವನ್ನು ಕಂಬಗಳಲ್ಲಿ ತೋರಿಸಿದ್ದು ಒಂದೇ ವರ್ಷದ ಅಂಕಿಗಳು ಸಿಕ್ಕಿದ್ದವು ಎಂಬ ಕಾರಣಕ್ಕೆ. ಅಲ್ಲೂ ಅಗತ್ಯವೇ ನಕ್ಷೆಯನ್ನು ಹುಟ್ಟಿಸಿತು.

ಇಂಗ್ಲಿಷ್ ತಿಂಗಳುಗಳ ಪ್ರಕಾರ ಬರೆದ ನಕ್ಷೆ ಮನೆಯ ಹಿರಿಯರಿಗೆ ರುಚಿಸಲಿಲ್ಲ. ಅವರು ಕೇಳುವುದು ಮಿರಗ ಎಷ್ಟಾಯಿತು, ಆರಿದ್ರಾ ಎಷ್ಟಾಯಿತು ಎಂದು. ಅದೇ ಅಂಕಿಗಳನ್ನು ಮಳೆ ನಕ್ಷತ್ರಗಳ ಪ್ರಕಾರ ಮತ್ತೆ ಕೂಡಿಸಿದೆವು: ಜೂನ್ 7-8ರಿಂದ ಮೃಗಶಿರಾ, 21-22ರಿಂದ ಆರಿದ್ರಾ, ಜುಲೈ ಮೊದಲ ವಾರದ ಕೊನೆಗೆ ಪುನರ್ವಸು. ಜೂನ್ ತಿಂಗಳ ಒಂದೇ ಕಂಬ ಚೆನ್ನಾಗಿಯೇ ಎದ್ದಿತ್ತು. ನಕ್ಷತ್ರದ ನಕ್ಷೆಯಲ್ಲಿ ಮೃಗಶಿರಾ ಕುಳ್ಳಗೆ ಕೂತಿತ್ತು, ನೀರೆಲ್ಲ ಆರಿದ್ರಾದ್ದು. ಬಿತ್ತನೆ ತಡವಾಯಿತು ಎಂದು ಮನೆಯಲ್ಲಿ ಯಾಕೆ ಕೊರಗುತ್ತಿದ್ದರು ಎಂಬುದು ತಿಂಗಳ ನಕ್ಷೆಯಲ್ಲಿ ಕಾಣದೆ ಇಲ್ಲಿ ಕಂಡಿತು. ಒಂದು ಹನಿಯೂ ಹೆಚ್ಚುಕಮ್ಮಿ ಆಗಿರಲಿಲ್ಲ. ಗುಂಪು ಮಾಡುವ ರೀತಿ ಬದಲಾಗಿತ್ತು ಅಷ್ಟೆ. ಯಾವುದು ಸರಿಯಾದ ನಕ್ಷೆ ಎಂದು ಕೇಳಿದರು. ಏನು ತಿಳಿಯಬೇಕು ಎಂಬುದರ ಮೇಲೆ ಅದು ನಿಂತಿದೆ ಎಂದೆ.

ಎಣಿಸುವುದಕ್ಕೆ ಮುಂಚೆ ಯೋಚಿಸಬೇಕಾದ ವಿಷಯಗಳೂ ಇವೆ. ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಯಾರಿಗೆ ಯಾವುದು ಇಷ್ಟ ಎಂದು ನಕ್ಷೆ ಮಾಡೋಣ ಎಂದರು ಮಕ್ಕಳು. ನೋಡಲು ಸುಲಭದ ವಿಷಯ. ಆದರೆ ನಮ್ಮ ಊರುಗಳಲ್ಲಿ ಮೊಟ್ಟೆ ತಿನ್ನುವ ಪ್ರಶ್ನೆ ಮನೆತನದ, ಜಾತಿಯ ಪ್ರಶ್ನೆಯೂ ಹೌದು. ಕೈ ಎತ್ತಿ ಎಂದರೆ ಮಗು ಮೊದಲು ಪಕ್ಕದವರ ಮುಖ ನೋಡುತ್ತದೆ. ಅದಕ್ಕೆ ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯೊಂದನ್ನು ಇಟ್ಟು, ಮೊಟ್ಟೆಗೆ ಹುಣಸೆ ಬೀಜ, ಬಾಳೆಹಣ್ಣಿಗೆ ಕಡಲೆ ಕಾಳು ಎಂದು ಗೊತ್ತು ಮಾಡಿ, ಮುಷ್ಟಿ ಮುಚ್ಚಿ ಒಬ್ಬೊಬ್ಬರೇ ಹಾಕಿ ಬರಲು ಹೇಳಿದೆ. ಹೆಸರು ಬರೆಯಲಿಲ್ಲ. ಗಡಿಗೆಯಲ್ಲಿ ಸಿಕ್ಕ ಲೆಕ್ಕ ಬಾಯಿಮಾತಿನ ಅಂದಾಜಿಗೆ ಹೊಂದಲಿಲ್ಲ. ಯಾರು ಏನು ಹಾಕಿದರು ಎಂದು ಪತ್ತೆ ಹಚ್ಚಲು ಹೊರಟ ಹುಡುಗರನ್ನು ಅಲ್ಲೇ ತಡೆದೆ. ತಿಳಿಯಬೇಕಾದದ್ದು ಎಷ್ಟು ಮಂದಿ ಎಂದು. ಯಾರು ಎಂಬುದು ಆ ಮಗುವಿನ ಸ್ವತ್ತು. ಮಾಹಿತಿ ಕೂಡಿಸುವುದನ್ನು ಕಲಿಸುವವರು ಇದನ್ನು ಮೊದಲ ದಿನವೇ ಕಲಿಸಬೇಕು.

ಮಳೆಯ ನಕ್ಷೆಯನ್ನು ಪಾಲಕರ ಸಭೆಯಲ್ಲಿ ಮಕ್ಕಳೇ ವಿವರಿಸಿದರು. ಹಿಂದೆ ಕೂತಿದ್ದ ಹಿರಿಯರೊಬ್ಬರು ಪೂರಾ ಕೇಳಿ, "ಇದು ನಿಮ್ಮ ಡಬ್ಬ್ಯಾಗ ಬಿದ್ದ ಮಳಿ ಆತು. ನಮ್ಮ ಹೊಲ ದಾರಿ ಆಚಿ ಕಡೆ ಐತಿ. ಅಲ್ಲಿ ಹನಿ ಬಿದ್ದಿಲ್ಲ" ಎಂದರು. ಮಕ್ಕಳು ನನ್ನ ಕಡೆ ನೋಡಿದರು. ಅಜ್ಜಾರ ಮಾತು ಖರೆ ಐತಿ ಎಂದೆ. ಅಲ್ಲಿಂದ ಪಾಠ ಇನ್ನೊಂದು ಮಗ್ಗುಲಿಗೆ ತಿರುಗಿತು. ಒಂದು ಡಬ್ಬಿ ಎಷ್ಟು ನೆಲದ ಪರವಾಗಿ ಮಾತಾಡಬಹುದು? ಬೆಳೆ ವಿಮೆಯಲ್ಲಿ ಕೆಲವೇ ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸಿ, ಸಣ್ಣ ತುಂಡಿನ ಬೆಳೆ ಕೊಯ್ದು ತೂಗಿ, ಅದರ ಸರಾಸರಿಯ ಮೇಲೆ ಇಡೀ ಪಂಚಾಯಿತಿಯ ಪರಿಹಾರ ನಿಲ್ಲುತ್ತದೆ ಎಂದು ಹೇಳಿದಾಗ ತರಗತಿ ತುಟಿ ಪಿಟಕ್ಕೆನ್ನದೆ ಕೇಳಿತು. ಮನೆಯಲ್ಲಿ ವಿಮೆಯ ಹಣದ ಮಾತು ಕೇಳಿದವರೇ ಎಲ್ಲ.

"ಹಂಗಾರ ನಾವೂ ನಾಕು ದಿಕ್ಕಿಗೆ ಡಬ್ಬಿ ಇಡೂಣ್ರೀ ಸರ್ರ" ಎಂದಳು ಹಿಂದೊಮ್ಮೆ ರವಿವಾರಕ್ಕೆ ಸೊನ್ನೆ ಬರೆದಿದ್ದ ಹುಡುಗಿ. ದಾರಿ ಆಚೆಯ ಹೊಲದಲ್ಲಿ ಇಡುವ ಡಬ್ಬಿಯನ್ನು ಅಳೆಯುವವರು ಯಾರು ಎಂದು ಕೇಳಿದೆ. ಆ ಹಿರಿಯರ ಮೊಮ್ಮಗ ಕೈ ಎತ್ತಿದ. ಪಟ್ಟಿ ಹಿಡಿಯುವುದು ಹೇಗೆಂದು ಅಜ್ಜನಿಗೆ ತಾನೇ ಕಲಿಸುವುದಾಗಿಯೂ ಹೇಳಿದ.