ಬಿತ್ತನೆ ಕಾಳಿಗೆ ಮಣ್ಣೇ ಕಾವಲು: ಕೆಮ್ಮಣ್ಣು ಕಟ್ಟೋದರ ಹಿಂದಿನ ವಿಜ್ಞಾನ

ಬಿತ್ತನೆಗೆ ಅಂತ ಎತ್ತಿಟ್ಟ ಅಲಸಂದೆ ಡಬ್ಬ ತೆರೆದರೆ ಕಾಳಿನಲ್ಲೆಲ್ಲ ಗುಂಡು ತೂತು, ತಳದಲ್ಲಿ ಪುಡಿ. ಕಾಳು ಕೊರೆಯೋ ದುಂಬಿಯ ಕೆಲಸ ಇದು. ಮತ್ತೆ ಅಂಗಡಿ ಬೀಜಕ್ಕೆ ದುಡ್ಡು ಸುರಿಯಬೇಕು. ಇದನ್ನು ತಡೆಯೋಕೆ ನಮ್ಮ ಅಜ್ಜಿಯರು ಕಾಳಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಅದು ಬರೀ ನಂಬಿಕೆ ಅಲ್ಲ.

ಮೈಸೂರಿನಲ್ಲಿ ಕಂಡುಕೊಂಡಿದ್ದು

ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾಯಿತು. ಅಲ್ಲಿನ ವಿಜ್ಞಾನಿಗಳಾದ ಮಜುಂದಾರ್, ನರಸಿಂಹನ್ ಮತ್ತು ಸುಬ್ರಹ್ಮಣ್ಯನ್ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ವಿಷಯ ಬರೆದರು: ಆಕ್ಟಿವೇಟ್ ಮಾಡಿದ ಇದ್ದಿಲು ಮತ್ತು ಜೇಡಿಮಣ್ಣಿನ ಪುಡಿ ಕೀಟಗಳನ್ನು ಕೊಲ್ಲುತ್ತದೆ.

ವಿಷ ಇಲ್ಲದೆ ಹೇಗೆ ಸಾಯುತ್ತೆ?

ಕೀಟದ ಮೈಮೇಲೆ ತೆಳು ಮೇಣದ ಪದರ ಇರುತ್ತೆ. ಮೈಯ ನೀರು ಆರದಂತೆ ಕಾಯೋದು ಅದೇ. ಕೇಯೊಲಿನ್ ಎಂಬ ಬಿಳಿ ಜೇಡಿಯನ್ನು ಆಮ್ಲ ಹಾಕಿ ಕಾಯಿಸಿದರೆ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಳ್ಳುತ್ತವೆ. ಈ ಪುಡಿ ಮೇಣವನ್ನು ಹೀರಿದಾಗ ಹುಳ ಒಣಗಿ ಸಾಯುತ್ತದೆ. ನಮ್ಮ ಕೆಮ್ಮಣ್ಣಿನಲ್ಲೂ ಇದೇ ಜಾತಿಯ ಜೇಡಿ ಇದೆ, ಆದರೆ ಅಷ್ಟು ಹೀರುವ ಶಕ್ತಿ ಇಲ್ಲ. ಅದು ಕಾಳಿಗೆ ಕವಚದಂತೆ ಅಂಟಿ, ಮೊಟ್ಟೆ ಇಡೋಕೆ ಅಡ್ಡಿಯಾಗುತ್ತದೆ.

ನೀವು ಮಾಡಬೇಕಾದ್ದು

1. ಮೊದಲು ಕಾಳನ್ನು ಚೆನ್ನಾಗಿ ಒಣಗಿಸಿ. ಹಲ್ಲಲ್ಲಿ ಕಚ್ಚಿದರೆ ‘ಕಟ್’ ಅನ್ನಬೇಕು. ತೇವಾಂಶ ಶೇ 9 ದಾಟಬಾರದು.

2. ದುಂಬಿ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತೆ. ಬಿಳಿ ಚುಕ್ಕೆ, ತೂತು ಇರೋ ಕಾಳು ಆರಿಸಿ ತೆಗೆಯಿರಿ. ಒಳಗೆ ಹೊಕ್ಕ ಮರಿಹುಳಕ್ಕೆ ಮಣ್ಣು ತಾಗೋದಿಲ್ಲ.

3. ಆಕ್ಟಿವೇಟೆಡ್ ಕೇಯೊಲಿನ್ ಸಿಕ್ಕರೆ 100 ಕೆಜಿ ಬೀಜಕ್ಕೆ 1 ಕೆಜಿ ಬೆರೆಸಿ. ದೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ.

4. ಕೆಮ್ಮಣ್ಣಾದರೆ ಕಲ್ಲು ಕಸ ಇಲ್ಲದ ಮಣ್ಣನ್ನು ಗಟ್ಟಿ ಬಗ್ಗಡ ಮಾಡಿ ಕಾಳಿಗೆ ಸವರಿ, ಮತ್ತೆ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒದ್ದೆ ಇದ್ದಾಗ ತುಂಬಿಟ್ಟರೆ ಬೂಸ್ಟು ಬರುತ್ತೆ, ಮೊಳಕೆ ಹಾಳಾಗುತ್ತೆ.

5. ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ತೇವ ಸೇರಿದರೆ ಜೇಡಿಯ ರಂಧ್ರಗಳಲ್ಲಿ ನೀರು ತುಂಬುತ್ತೆ, ಆಮೇಲೆ ಅದು ಮೇಣ ಹೀರೋದಿಲ್ಲ. ಮಳೆಗಾಲದಲ್ಲಿ ಪದೇ ಪದೇ ತೆರೀಬೇಡಿ.

ನೀವೇ ಪರೀಕ್ಷೆ ಮಾಡಿ

ನಮ್ಮ ಮಾತನ್ನೇ ನಂಬಬೇಕಿಲ್ಲ. ಎರಡು ಗಾಜಿನ ಬಾಟಲಿ ತಗೊಳ್ಳಿ. ಎರಡಕ್ಕೂ ಒಂದೇ ರಾಶಿಯ ಕಾಳು ಹಾಕಿ, ಒಂದಕ್ಕೆ ಮಾತ್ರ ಮಣ್ಣು ಕಟ್ಟಿ. ವಾರಕ್ಕೊಮ್ಮೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಮೊಟ್ಟೆ ದುಂಬಿಯಾಗೋಕೆ ಸುಮಾರು ಒಂದು ತಿಂಗಳು ಬೇಕು, ಹಾಗಾಗಿ ಎರಡು ತಿಂಗಳು ನೋಡಿ. ಕೊನೆಗೆ ಎರಡರಿಂದಲೂ 100 ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಮೊಳಕೆಗಿಡಿ. ಯಾವುದರಲ್ಲಿ ಹೆಚ್ಚು ಮೊಳಕೆ ಬಂತೋ, ಮುಂದಿನ ವರ್ಷದ ಬೀಜವನ್ನು ಹಾಗೇ ಇಡಿ.