ಕ್ರ್ಯಾಕ್ ಫೋಟೋಶಾಪ್ ಬೇಡ, ಗಿಂಪ್ ಇದೆಯಲ್ಲ!

ಮದುವೆ ಕಾರ್ಡು, ಸಂಘದ ಬ್ಯಾನರು ಮಾಡಲು ಕ್ರ್ಯಾಕ್ ಮಾಡಿದ ಫೋಟೋಶಾಪ್ ಹುಡುಕಬೇಡಿ; ಜೊತೆಗೆ ವೈರಸ್ಸೂ ಬಂದೀತು. 1995ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಗಿಂಪ್ ಪೂರ್ತಿ ಉಚಿತ. ಫೋಟೋ ತಿದ್ದಲು, ಹಿನ್ನೆಲೆ ತೆಗೆಯಲು ಧಾರಾಳ ಸಾಕು. ಲೋಗೋ ಮಾಡಬೇಕಿದ್ದರೆ ಇಂಕ್‌ಸ್ಕೇಪ್, ಚಿತ್ರ ಬರೆಯುವವರಿಗೆ ಕ್ರಿಟಾ. ಯೂನಿಕೋಡ್ ಕನ್ನಡದ ಒತ್ತಕ್ಷರಗಳೂ ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಸರಿಯಾಗಿ ಕೂರುತ್ತವೆ, ನನಗಂತೂ ಅದೇ ದೊಡ್ಡ ನೆಮ್ಮದಿ.

ತಾಪತ್ರಯ ಇಲ್ಲವೆಂದಲ್ಲ. ಪ್ರೆಸ್ಸಿನವರು ಮುದ್ರಣದ ಬಣ್ಣವಿಧಾನವಾದ ಸಿಎಂವೈಕೆ ಕೇಳುತ್ತಾರೆ, ಗಿಂಪ್ ಕೆಲಸ ಮಾಡುವುದು ಪರದೆಯ ಬಣ್ಣವಿಧಾನವಾದ ಆರ್‌ಜಿಬಿಯಲ್ಲಿ. ಆಗ ಪುಟವನ್ನು ಸ್ಕ್ರೈಬಸ್‌ನಲ್ಲಿ ಜೋಡಿಸಿ ಸಿಎಂವೈಕೆ ಪಿಡಿಎಫ್ ಮಾಡಿಕೊಡಿ. ಇನ್ನೊಂದು ವಿಷಯ: ಗಿಂಪ್‌ನಲ್ಲಿ ‘ಸೇವ್’ ಒತ್ತಿದರೆ ಸಿಗುವುದು ಎಕ್ಸ್‌ಸಿಎಫ್ ಫೈಲು. ವಾಟ್ಸ್ಯಾಪ್‌ಗೆ ಕಳಿಸಲು ಜೆಪಿಜಿ ಬೇಕೆಂದರೆ ‘ಎಕ್ಸ್‌ಪೋರ್ಟ್’ ಒತ್ತಬೇಕು. ಹಾಗಂತ ಎಕ್ಸ್‌ಸಿಎಫ್ ಅಳಿಸಿಬಿಡಬೇಡಿ. ಲೇಯರುಗಳೆಲ್ಲ ಉಳಿಯುವುದು ಅದರಲ್ಲೇ.