ಕಲಿಸಿಕೊಡಿ, ನಾನೇ ನಡೆಸುತ್ತೇನೆ



ನಾವೆಲ್ಲ ಸಿನಿಮಾ ನೋಡಿದ್ದೇವೆ. ನಾಯಕ, ನಾಯಕಿಯರ ಹೆಸರು ನಮಗೆ ಗೊತ್ತು. ಆದರೆ ಆ ಸಿನಿಮಾ ಮಾಡಿಸಿದವರು ಯಾರು? ಅವರ ಹೆಸರು ಪರದೆಯ ಮೇಲೆ ಬಂದು ಹೋಗುತ್ತದೆ. ಈಗ ನಿಮಗೆ ಅಕ್ಷರ ಬಂದಿದೆ. ಇನ್ನು ಮೇಲೆ ಆ ಹೆಸರನ್ನೂ ಓದಿ.

ಸಿನಿಮಾ ಮಾಡಿಸುವವರು ನಿರ್ಮಾಪಕರು. ಕಥೆ ಆರಿಸುವುದು, ಹಣ ಹೊಂದಿಸುವುದು, ನಟರನ್ನು ಗೊತ್ತು ಮಾಡುವುದು ಅವರ ಕೆಲಸ. ಅಮೆರಿಕದಲ್ಲಿ ದೊಡ್ಡ ದೊಡ್ಡ ಸಿನಿಮಾ ಕಂಪನಿಗಳಿವೆ. ಅವನ್ನು ಸ್ಟುಡಿಯೋ ಎನ್ನುತ್ತಾರೆ. ಯಾವ ಸಿನಿಮಾ ಮಾಡಬೇಕು, ಯಾವುದು ಬೇಡ ಎಂದು ಅಲ್ಲಿನ ಮುಖ್ಯಸ್ಥರು ತೀರ್ಮಾನಿಸುತ್ತಾರೆ. ಬಹಳ ಕಾಲ ಆ ಕುರ್ಚಿಯಲ್ಲಿ ಗಂಡಸರೇ ಕೂತಿದ್ದರು. ಅದನ್ನು ಏರಿದ ಒಬ್ಬ ಹೆಣ್ಣುಮಗಳ ಕಥೆ ಇದು. ಅವರ ಹೆಸರು ಶೆರಿ ಲ್ಯಾನ್ಸಿಂಗ್.

ತಾಯಿ ತೋರಿದ ದಾರಿ

ಶೆರಿ ಹುಟ್ಟಿದ್ದು 1944ರಲ್ಲಿ, ಅಮೆರಿಕದ ಶಿಕಾಗೋ ನಗರದಲ್ಲಿ. ಅವರ ತಾಯಿ ಜರ್ಮನಿಯವರು. ಹಿಟ್ಲರನ ಕಾಟಕ್ಕೆ ಹೆದರಿ ಊರು ಬಿಟ್ಟು ಬಂದವರು. ಶೆರಿಗೆ 9 ವರ್ಷ ಇದ್ದಾಗ ತಂದೆ ತೀರಿಕೊಂಡರು. ತಂದೆಯದು ಮನೆ, ಜಾಗಗಳ ವ್ಯವಹಾರ. ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಗಂಡಸರು ಮುಂದೆ ಬಂದರು. ತಾಯಿ ಒಪ್ಪಲಿಲ್ಲ. ನನಗೆ ಕಲಿಸಿಕೊಡಿ, ನಾನೇ ನಡೆಸುತ್ತೇನೆ ಎಂದರು. ಕಲಿತರು, ನಡೆಸಿದರು. ಮಗಳು ಇದನ್ನು ಕಣ್ಣಾರೆ ಕಂಡಳು.

ಓದುವುದೇ ಕೆಲಸ

1966ರಲ್ಲಿ ಶೆರಿ ಕಾಲೇಜು ಮುಗಿಸಿದರು. ಲಾಸ್ ಏಂಜಲೀಸ್ ನಗರಕ್ಕೆ ಬಂದು ಸರ್ಕಾರಿ ಶಾಲೆಗಳಲ್ಲಿ ಲೆಕ್ಕದ ಪಾಠ ಹೇಳಿದರು. ಹೌದು, ಅವರೂ ನಮ್ಮ ಹಾಗೆ ಟೀಚರು! ಆಮೇಲೆ ಎರಡು ಸಿನಿಮಾಗಳಲ್ಲಿ ನಟಿಸಿದರು. ನಟನೆ ಅವರಿಗೆ ಒಗ್ಗಲಿಲ್ಲ. ನಾಚಿಕೆಪಡದೆ ಬಿಟ್ಟರು, ಕೆಳಗಿನ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದರು. ಸಿನಿಮಾಕ್ಕೆಂದು ಬರೆದ ಕಥೆಗಳನ್ನು ಓದುವುದು, ಚೆನ್ನಾಗಿದೆಯೋ ಇಲ್ಲವೋ ಎಂದು ಬರೆದುಕೊಡುವುದು. ಇದೇ ಕೆಲಸ. ಕೂಲಿ ಗಂಟೆಗೆ 5 ಡಾಲರ್.

ಓದುತ್ತಾ ಓದುತ್ತಾ ಯಾವ ಕಥೆ ಜನರ ಮನಸ್ಸು ಮುಟ್ಟುತ್ತದೆ ಎಂಬುದು ತಿಳಿಯಿತು. ಹುದ್ದೆ ಏರಿತು. ಆದರೆ ಅದೇ ಕೆಲಸ ಮಾಡುವ ಗಂಡಸಿಗೆ ಹೆಚ್ಚು ಸಂಬಳ ಇತ್ತು. ಶೆರಿ ಹೋಗಿ ಕೇಳಿದರು. ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ನೀನು ಒಂಟಿ ಹೆಂಗಸು ಎಂಬ ಉತ್ತರ ಬಂತು. ಆಗ ಶೆರಿಗೂ ಅದು ಸರಿ ಅನ್ನಿಸಿತ್ತಂತೆ! ಒಂದೇ ಕೆಲಸ, ಎರಡು ಕೂಲಿ. ಇದು ನಮಗೂ ಗೊತ್ತಿರುವ ಮಾತೇ ಅಲ್ಲವೇ?

ಕುರ್ಚಿ ಏರಿದರು

1980ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಎಂಬ ಸ್ಟುಡಿಯೋದ ಚಿತ್ರ ನಿರ್ಮಾಣದ ಮುಖ್ಯಸ್ಥೆಯಾದರು. ಆಗ ವಯಸ್ಸು 35. ದೊಡ್ಡ ಸ್ಟುಡಿಯೋ ಒಂದರಲ್ಲಿ ಈ ಹುದ್ದೆಗೆ ಬಂದ ಮೊದಲ ಹೆಂಗಸು ಇವರೇ.

ಮುಂದೆ ಆ ಕೆಲಸ ಬಿಟ್ಟು, ಪಾಲುದಾರರ ಜೊತೆ ತಾವೇ ನಿರ್ಮಾಪಕಿಯಾದರು. 1988ರಲ್ಲಿ 'ದಿ ಅಕ್ಯೂಸ್ಡ್' ಚಿತ್ರ ಬಂತು. ಅತ್ಯಾಚಾರಕ್ಕೆ ಒಳಗಾದ ಹೆಂಗಸೊಬ್ಬಳು ನ್ಯಾಯ ಕೇಳಿ ಕೋರ್ಟಿಗೆ ಹೋಗುವ ಕಥೆ ಅದು. ತಪ್ಪು ಅವಳದೇ ಎಂದು ಜನ ಬೆರಳು ತೋರುತ್ತಾರೆ. ಅವಳು ಬಗ್ಗುವುದಿಲ್ಲ. ಆ ಪಾತ್ರ ಮಾಡಿದ ಜೋಡಿ ಫಾಸ್ಟರ್ ಅವರಿಗೆ ಆಸ್ಕರ್ ಪ್ರಶಸ್ತಿ ಬಂತು.

1992ರಿಂದ 2005ರವರೆಗೆ ಶೆರಿ ಪ್ಯಾರಾಮೌಂಟ್ ಸ್ಟುಡಿಯೋದ ಚಿತ್ರ ವಿಭಾಗವನ್ನು ನಡೆಸಿದರು. 'ಟೈಟಾನಿಕ್' ಹಡಗಿನ ಸಿನಿಮಾ ಕೇಳಿದ್ದೀರಾ? 1997ರಲ್ಲಿ ಬಂದದ್ದು. ಎರಡು ಸ್ಟುಡಿಯೋಗಳು ಸೇರಿ ಹಣ ಹಾಕಿದವು. ಖರ್ಚು 20 ಕೋಟಿ ಡಾಲರ್ ಮುಟ್ಟಿತು. ಆದರೆ ಪ್ಯಾರಾಮೌಂಟ್ ಕೊಡಬೇಕಾದ್ದು 6.5 ಕೋಟಿ ಮಾತ್ರ ಎಂದು ಮೊದಲೇ ಕರಾರಾಗಿತ್ತು. ಲೆಕ್ಕ ಬಲ್ಲವರಿಗೆ ಅದರ ಬೆಲೆ ಗೊತ್ತು! ಚಿತ್ರಕ್ಕೆ 11 ಆಸ್ಕರ್ ಬಂದವು.

ಮತ್ತೆ ಶಾಲೆಯ ಕಡೆಗೆ

ಶೆರಿಯವರ ತಾಯಿ 1984ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆ ನೋವು ಮಗಳ ಮನಸ್ಸಿನಲ್ಲಿ ಉಳಿದಿತ್ತು. 2005ರಲ್ಲಿ ಸ್ಟುಡಿಯೋ ಬಿಟ್ಟ ಮೇಲೆ ಕ್ಯಾನ್ಸರ್ ಸಂಶೋಧನೆಗೆ ನೆರವಾಗಲು ಸಂಸ್ಥೆ ಕಟ್ಟಿದರು. ಬೇರೆ ಕೆಲಸ ಮಾಡಿದ ಅನುಭವಸ್ಥರನ್ನು ಲೆಕ್ಕ, ವಿಜ್ಞಾನದ ಟೀಚರುಗಳಾಗಿ ತಯಾರು ಮಾಡುವ ಕಾರ್ಯಕ್ರಮವನ್ನೂ ಶುರು ಮಾಡಿದರು.

ತಾಯಿ ಕೇಳಿ ಕಲಿತರು. ಮಗಳು ಓದಿ ಬೆಳೆದರು. ಕಲಿಸಿಕೊಡಿ ಎಂದು ಕೇಳುವುದರಲ್ಲಿ ಅವಮಾನ ಇಲ್ಲ. ಲೆಕ್ಕದ ಪುಸ್ತಕ ಬೇರೆಯವರ ಕೈಗೆ ಕೊಟ್ಟು ಸುಮ್ಮನಿರುವುದರಲ್ಲೇ ನಷ್ಟ ಇದೆ.

ಪದಗಳ ಅರ್ಥ
ಕರಾರು = ಬರೆದು ಮಾಡಿಕೊಂಡ ಒಪ್ಪಂದ
ಪಾಲುದಾರರು = ವ್ಯವಹಾರದಲ್ಲಿ ಪಾಲು ಇರುವವರು

ಉತ್ತರ ಬರೆಯಿರಿ
1. ಗಂಡಸರು ಬಂದಾಗ ಶೆರಿಯ ತಾಯಿ ಏನೆಂದರು?
2. ಗಂಟೆಗೆ 5 ಡಾಲರ್ ಕೂಲಿ. 8 ಗಂಟೆಗೆ ಎಷ್ಟು?

ಕೂತು ಮಾತಾಡೋಣ
ನಮ್ಮೂರಲ್ಲಿ ಒಂದೇ ಕೆಲಸಕ್ಕೆ ಹೆಣ್ಣಾಳಿಗೆ ಎಷ್ಟು ಕೂಲಿ, ಗಂಡಾಳಿಗೆ ಎಷ್ಟು? ಯಾಕೆ?